ಕಾಲೋನಿ ಅಂದ್ರೆ ಯಾವ ಕಾಲೋನಿ?



ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ. ಒಪ್ಪಿಗೆ ಆಗದಿದ್ರೆ ಕೆಳಗೆ ಜಗಳ ಆಡೋಣ.

2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅವರು ವಿಧಾನಸಭೆಯಲ್ಲಿ, 'ಕಾಲೋನಿ' ಅನ್ನೋ ಪದವನ್ನು ಸರ್ಕಾರಿ ದಾಖಲೆಗಳಿಂದ ತೆಗೀತೀವಿ ಅಂದರು. ಅದಕ್ಕೂ ಮುಂಚೆ, 2024ರ ಜೂನ್‌ನಲ್ಲಿ ಕೇರಳದ ಮಂತ್ರಿ ಕೆ. ರಾಧಾಕೃಷ್ಣನ್ ಸಂಸದರಾಗಿ ಗೆದ್ದು ರಾಜೀನಾಮೆ ಕೊಡುವ ಮೊದಲು ಇದೇ ಆದೇಶಕ್ಕೆ ಸಹಿ ಹಾಕಿ ಹೋದರು. ಆವಾಗಿಂದ ನಮ್ಮ ಗುಂಪುಗಳಲ್ಲೂ "ಕರ್ನಾಟಕದಲ್ಲೂ ಒಂದು ಸುತ್ತೋಲೆ ಬರಲಿ" ಅನ್ನೋ ಮಾತು ಓಡಾಡ್ತಿದೆ. ಬರಲಿ, ನನ್ನ ತಕರಾರು ಅದಕ್ಕಲ್ಲ. ಆದರೆ ಪದ ತೆಗೆಯೋ ಮುಂಚೆ, ಈ ಪದ ನಮ್ಮ ಹತ್ರ ಹೆಂಗೆ ಬಂತು, ಬರುವಾಗ ದಾರೀಲಿ ಏನನ್ನ ಬೀಳಿಸ್ಕೊಂಡು ಬಂತು ಅಂತ ನೋಡಬೇಕು. ಯಾಕಂದ್ರೆ ಬೀಳಿಸ್ಕೊಂಡು ಬಂದದ್ದೇ ನಮಗೆ ಬೇಕಾಗಿರೋದು.

ಮೊದಲು ಬಳಕೆ ನೋಡಿ. ಬೆಂಗಳೂರಲ್ಲಿ ಡಾಲರ್ಸ್ ಕಾಲೋನಿ ಇದೆ. ಊರೂರಲ್ಲಿ ಬ್ಯಾಂಕ್ ಕಾಲೋನಿ, ರೈಲ್ವೆ ಕಾಲೋನಿ, ಕೆಇಬಿ ಕಾಲೋನಿ ಇವೆ. ದೆಹಲಿಯಲ್ಲಿ ಡಿಫೆನ್ಸ್ ಕಾಲೋನಿ. ಅಲ್ಲಿ ಮನೆ ಇದೆ ಅಂದ್ರೆ ಜನ ಎದ್ದು ಕುರ್ಚಿ ಕೊಡ್ತಾರೆ. ಅದೇ ಮಂಡ್ಯ, ಮೈಸೂರು, ತುಮಕೂರು, ಹಾಸನದ ಕಡೆ ಹಳ್ಳಿಗೆ ಬಂದು ಹಿಂದೆ ಮುಂದೆ ಏನೂ ಸೇರಿಸದೆ ಬರೀ 'ಕಾಲೋನಿ' ಅನ್ನಿ. ಎಲ್ಲರಿಗೂ ಒಂದೇ ಅರ್ಥ. ಎ.ಕೆ. ಕಾಲೋನಿ, ಎ.ಡಿ. ಕಾಲೋನಿ, ಜನತಾ ಕಾಲೋನಿ, ಹರಿಜನ ಕಾಲೋನಿ. ಪೇಟೆಯ ಕಾಲೋನಿಗೆ ಹಿಂದೊಂದು ಹೆಸರು ಬೇಕು. ನಮ್ಮದಕ್ಕೆ ಬೇಡ, ಪದವೇ ಸಾಕು.

ಟೌನಲ್ಲಿ ಬಾಡಿಗೆ ಮನೆ ಕೇಳೋಕೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಜಾತಿ ಕೇಳೋಕೆ ಈಗಿನ ಓನರ್‌ಗಳಿಗೆ ನಾಚಿಕೆ, ಕೆಲವರಿಗೆ ಭಯ. ಅದಕ್ಕೆ ಕೇಳೋದು, "ಯಾವೂರು? ಊರೊಳಗಾ, ಕಾಲೋನಿನಾ?" ಎಷ್ಟು ಸಲೀಸು ನೋಡಿ. ಕೇಳಿದವನು ಜಾತಿವಾದಿ ಆಗಲಿಲ್ಲ, ಕೇಳಬೇಕಾದ್ದು ಕೇಳಿಯೂ ಆಯ್ತು. ಇನ್ನೊಂದು ಗಮನಿಸಿ: 'ಊರೊಳಗಾ, ಕಾಲೋನಿನಾ' ಅಂದ್ರೆ ಕಾಲೋನಿ ಊರಲ್ಲ ಅಂತಾನೇ ಲೆಕ್ಕ. ರೇಷನ್ ಕಾರ್ಡಲ್ಲಿ, ವೋಟರ್ ಲಿಸ್ಟಲ್ಲಿ ನಾವು ಆ ಊರಿನವರೇ. ಮಾತಲ್ಲಿ ಮಾತ್ರ ಅಲ್ಲ.

ನಾನು ಗುಮಾಸ್ತ. ಅರ್ಜಿಗಳ ವಿಳಾಸದ ಕಾಲಂ ನೋಡೋದೇ ನನ್ನ ಉದ್ಯೋಗ. ಕಾಲೇಜಿಗೆ ಹೋಗೋ ನಮ್ಮ ಹುಡುಗ ಹುಡುಗಿಯರು ಅರ್ಜೀಲಿ ಮನೆ ನಂಬರ್, ಊರಿನ ಹೆಸರು, ಅಂಚೆ, ತಾಲ್ಲೂಕು ಎಲ್ಲ ಬರೀತಾರೆ. ಆ ಒಂದು ಪದ ಬಿಡ್ತಾರೆ. ಆಧಾರ್ ಜೊತೆ ತಾಳೆ ನೋಡಿದವರು "ಪೂರ್ತಿ ವಿಳಾಸ ಬರೀಮ್ಮ" ಅಂತಾರೆ. ಆ ಹುಡುಗಿ ಪೆನ್ನು ತಗೊಂಡು, ಸಾಲುಗಳ ನಡುವೆ ಇರೋ ಇಷ್ಟೇ ಇಷ್ಟು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ 'ಎ.ಕೆ. ಕಾಲೋನಿ' ಅಂತ ಸೇರಿಸ್ತಾಳೆ. ಪಕ್ಕದಲ್ಲೇ ಜಾತಿ ಪ್ರಮಾಣಪತ್ರ ಪಿನ್ ಮಾಡಿರ್ತಾಳೆ, ಅದಕ್ಕೆ ನಾಚಿಕೆ ಇಲ್ಲ. ಅದು ಅವಳ ಹಕ್ಕು. ವಿಳಾಸ ಹಾಗಲ್ಲ. ಅದು ಕೊರಿಯರ್ ಹುಡುಗನಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರ ಕಣ್ಣಿಗೂ ಬೀಳುತ್ತೆ. ಆದ್ದರಿಂದ "ಬರೀ ಪದ ತಾನೇ" ಅನ್ನೋರ ಜೊತೆ ನಾನು ನಿಲ್ಲಲ್ಲ.

ಈಗ ಪದದ ಹುಟ್ಟಿಗೆ ಬರ್ತೀನಿ.

ಇಂಗ್ಲಿಷಿನ ಈ ನಾಮಪದ ಲ್ಯಾಟಿನ್ನಿನ 'ಕೊಲೋನಿಯಾ'ದಿಂದ ಬಂದದ್ದು. ಅದರ ಹಿಂದೆ ಇರೋದು 'ಕೊಲೋನುಸ್', ಅಂದ್ರೆ ಉಳುವವನು, ರೈತ. 'ಕಲ್ಚರ್', 'ಅಗ್ರಿಕಲ್ಚರ್' ಎಲ್ಲ ಇದೇ ಬೇರಿನ ಪದಗಳು. ರೋಮನ್ನರು ಯುದ್ಧ ಮಾಡಿ ನಿವೃತ್ತರಾದ ಸೈನಿಕರಿಗೆ ಗೆದ್ದ ಸೀಮೆಯಲ್ಲಿ ಜಮೀನು ಹಂಚಿ ನೆಲೆ ಮಾಡಿ ಕೊಡ್ತಿದ್ದರು. ಅಂಥ ಊರೇ ಕೊಲೋನಿಯಾ. ಜರ್ಮನಿಯ ಕಲೋನ್ ನಗರದ ಹೆಸರು ಇವತ್ತಿಗೂ ಅದೇ ಪದ. ಆ ನಗರದವರು ತಮ್ಮ ವಿಳಾಸ ಬರೆಯುವಾಗ ತಲೆ ತಗ್ಗಿಸಲ್ಲ ಅನ್ಕೋತೀನಿ!

ಅಂದ್ರೆ ಜಮೀನಿಲ್ಲದೆ ಕಾಲೋನಿ ಅನ್ನೋ ಪದವೇ ಹುಟ್ತಿರಲಿಲ್ಲ. ಆಮೇಲೆ ಯುರೋಪಿನವರು ಅಮೆರಿಕ, ಆಫ್ರಿಕಾ, ಏಷ್ಯಾಗಳಿಗೆ ಹೋಗಿ ಬೇರೆಯವರ ನೆಲ ಕಿತ್ಕೊಂಡು ಅದನ್ನೂ ಕಾಲೋನಿ ಅಂದರು. ಅಲ್ಲೂ ಕಾಲೋನಿಗೆ ಬಂದವನಿಗೆ ನೆಲ ಸಿಕ್ತು, ಮೊದಲೇ ಇದ್ದವನದು ಹೋಯ್ತು. ನಮ್ಮ ಪಾಠದ ಪುಸ್ತಕದಲ್ಲಿ ಇದಕ್ಕೆ 'ವಸಾಹತು' ಅಂತಾರೆ. ವಿಶ್ವವಿದ್ಯಾಲಯದ ಸೆಮಿನಾರುಗಳಲ್ಲಿ ವಸಾಹತುಶಾಹಿ, ವಸಾಹತೋತ್ತರ ಅಂತ ಮೂರು ದಿನ ಮಾತಾಡ್ತಾರೆ. ಇಂಗ್ಲಿಷಲ್ಲಿ ಎರಡೂ ಒಂದೇ ಪದ. ಕನ್ನಡದಲ್ಲಿ ಬೇರೆ ಬೇರೆ ಆದ್ದರಿಂದ, ವಸಾಹತು ಬಗ್ಗೆ ಪ್ರಬಂಧ ಮಂಡಿಸಿದ ಮೇಷ್ಟ್ರಿಗೆ ತಮ್ಮೂರ ಕಾಲೋನಿ ನೆನಪಾಗೋ ಪ್ರಮೇಯವೇ ಬರಲ್ಲ.

ಇಲ್ಲೊಂದು ತಮಾಷೆ ಇದೆ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು ಭತ್ತ ಬೆಳೆದು ನೆಲೆ ನಿಂತರು. ಇಂಗ್ಲಿಷ್ ಅರ್ಥದ ಪ್ರಕಾರ ಕಾಲೋನಿ ಅಂದ್ರೆ ಅದು: ದೂರದಿಂದ ಬಂದರು, ಉತ್ತರು, ಬಿತ್ತರು, ನೆಲೆಯಾದರು. ಆದರೆ ಅವನ್ನ ಏನಂತಾರೆ? 'ಕ್ಯಾಂಪ್'. ಕ್ಯಾಂಪ್ ಅಂದ್ರೆ ಇವತ್ತಿದ್ದು ನಾಳೆ ಹೋಗುವ ಬಿಡಾರ. ಬಂದು ಜಮೀನು ಮಾಡಿದವರದು ಕ್ಯಾಂಪು. ಊರು ಹುಟ್ಟಿದಾಗಿನಿಂದ ಅಲ್ಲೇ ಇದ್ದು, ಕೆರೆ ತೂಬು ಎತ್ತಿ, ತಮಟೆ ಬಡಿದು, ಸತ್ತ ದನ ಹೊತ್ತು, ಗುಂಟೆ ಜಮೀನಿಲ್ಲದೆ ಉಳಿದವರದು ಕಾಲೋನಿ. ಎರಡು ಇಂಗ್ಲಿಷ್ ಪದಗಳನ್ನ ತಂದು ಎರಡನ್ನೂ ತಲೆಕೆಳಗಾಗಿ ನೆಟ್ಟಿದ್ದೀವಿ.

ನಮ್ಮ ಕೇರಿಗಳು ಕಾಲೋನಿ ಆಗಿದ್ದು ಬಹುಪಾಲು ಸರ್ಕಾರಿ ಮನೆಗಳ ಜೊತೆ. ಅರಸು ಕಾಲದ ಜನತಾ ಮನೆ, ಆಮೇಲೆ ಆಶ್ರಯ ಮನೆ, ಒಂದು ಬಲ್ಬಿನ ಭಾಗ್ಯಜ್ಯೋತಿ. ಅವನ್ನ ಹಗುರ ಮಾಡಿ ಮಾತಾಡಲ್ಲ, ಸೋರೋ ಗುಡಿಸಲಿಂದ ಹೆಂಚಿನ ಮನೆಗೆ ಬಂದದ್ದು ಸಣ್ಣದಲ್ಲ. ಆದರೆ ಕೊಟ್ಟದ್ದು ಸೈಟು ಮತ್ತು ಗೋಡೆ. ಅದೂ ಊರಿಂದ ಅಷ್ಟೇ ದೂರದಲ್ಲಿ, ಕೆಲವು ಕಡೆ ಇನ್ನೂ ಆಚೆಗೆ. ಅಸ್ಪೃಶ್ಯತೆಯ ಹಳೇ ನಕ್ಷೆಗೆ ಸರ್ಕಾರ ಇಂಗ್ಲಿಷ್ ಬೋರ್ಡ್ ಹಾಕಿತು. 1974ರ ಭೂಸುಧಾರಣೆ ಬಂದಾಗ ಡಿಕ್ಲರೇಷನ್ ಹಾಕಿದ ಗೇಣಿದಾರರಿಗೆ ಜಮೀನು ಸಿಕ್ತು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೇ ಆಗಿರಲಿಲ್ಲ, ಕೂಲಿಗಳು, ಜೀತದವರು. ಉಳುವವನೇ ಒಡೆಯ ಅಂದ್ರು, ಕೂಲಿಗೆ ಉತ್ತವನು ಆ ಲೆಕ್ಕಕ್ಕೆ ಬರಲಿಲ್ಲ. ಅಷ್ಟಿಷ್ಟು ಮಂಜೂರಾದ ಜಮೀನೂ ಕೈತಪ್ಪಿ ಹೋಗ್ತಿತ್ತು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯ್ತು. ಆಮೇಲೆ ಕೋರ್ಟುಗಳು "ತಡವಾಗಿ ಬಂದಿದ್ದೀರಿ" ಅನ್ನೋಕೆ ಶುರು ಮಾಡಿದಾಗ, 2023ರ ತಿದ್ದುಪಡಿಗಾಗಿ ನಮ್ಮವರು ಫ್ರೀಡಂ ಪಾರ್ಕಲ್ಲಿ ತಿಂಗಳುಗಟ್ಟಲೆ ಕೂತರು.

ಅಂದಹಾಗೆ ರೋಮ್‌ನ ಕೊಲೋನುಸ್ ಗತಿಯೂ ಕೊನೆಗೆ ಹಿಂಗೇ ಆಯ್ತು. ಸಾಮ್ರಾಜ್ಯದ ಕೊನೇ ಕಾಲಕ್ಕೆ ಅವನು ದೊಡ್ಡ ಜಮೀನ್ದಾರನ ಗೇಣಿದಾರ ಆಗಿ, ಹೊಲ ಬಿಟ್ಟು ಹೋಗಬಾರದು ಅಂತ ಕಾನೂನೇ ಕಟ್ಟಿಹಾಕಿತು. ಜೀತ ಅಂದ್ರೆ ನಮಗೆ ಬಿಡಿಸಿ ಹೇಳಬೇಕಾ?

ಕೆಲವು ಹುಡುಗರು ವಾದ ಮಾಡ್ತಾರೆ: "ಬಾಬಾಸಾಹೇಬರೇ ಪ್ರತ್ಯೇಕ ವಸತಿ ಕೇಳಿದ್ರಲ್ಲ ಅಣ್ಣಾ, ಕಾಲೋನಿ ಬೇರೆ ಇದ್ರೆ ಏನು ತಪ್ಪು?" ಕೇಳಿದ್ರು, ನಿಜ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಸ್ಪಷ್ಟವಾಗಿ ಇದೆ. ಆದರೆ ಏನು ಕೇಳಿದ್ರು ಅಂತ ಪೂರ್ತಿ ಓದಿ. ಅದಕ್ಕೊಂದು ಆಯೋಗ, ಸರ್ಕಾರದ ಸಾಗುವಳಿಯೋಗ್ಯ ಖಾಲಿ ಜಮೀನು ಅದರ ಕೈಗೆ, ಸಾಲದಿದ್ದರೆ ಖಾಸಗಿ ಜಮೀನು ಕೊಂಡು ಹಂಚೋದು, ಅದಕ್ಕೆ ಕೇಂದ್ರದ ದುಡ್ಡು. ಹಳ್ಳಿಯ ಸವರ್ಣ ಜಮೀನ್ದಾರನ ಹಂಗಿಲ್ಲದೆ ಬದುಕೋ ಸ್ವತಂತ್ರ ಊರು ಅವರು ಕೇಳಿದ್ದು. ಅದು ನಿಜವಾದ ಅರ್ಥದ ಕೊಲೋನಿಯಾ. ನಮಗೆ ಸಿಕ್ಕಿದ್ದು ಅದರಲ್ಲಿ 'ಪ್ರತ್ಯೇಕ' ಅನ್ನೋ ಒಂದು ಪದ ಮಾತ್ರ.

ಹಂಗಾಗಿ ಹೆಸರು ಬದಲಾಯಿಸೋದ್ರ ಬಗ್ಗೆ ನನ್ನ ನಿಲುವು ಇಷ್ಟು. ಪದ ಹೋಗಲಿ. ಆದರೆ ಅದರ ಜಾಗಕ್ಕೆ ಏನು ಬರಬೇಕು ಅಂತ ವಿಧಾನಸೌಧ ಹೇಳೋದು ಬೇಡ. ಕೇರಳದ ಆದೇಶದಲ್ಲಿ 'ನಗರ', 'ಉನ್ನತಿ', 'ಪ್ರಕೃತಿ' ಅಂತ ಸೂಚಿಸಿದ್ರು, ಹೊಸದಾಗಿ ವ್ಯಕ್ತಿಗಳ ಹೆಸರಿಡೋದು ಆದಷ್ಟು ಬೇಡ ಅಂದ್ರು. ಅಂದ್ರೆ ಇನ್ಮೇಲೆ ಹೊಸ ಅಂಬೇಡ್ಕರ್ ನಗರ ಕಷ್ಟ. ಇದನ್ನ ನಾವು ಯಾಕೆ ಒಪ್ಪಬೇಕು? ಇನ್ನು 'ಉನ್ನತಿ'. ಎಲ್ಲ ಹಳ್ಳಿಯ ಕಾಲೋನಿಗೂ 'ಉನ್ನತಿ' ಅಂತಲೇ ಹೆಸರಿಟ್ಟರೆ ಎರಡೇ ವರ್ಷಕ್ಕೆ ಓನರ್ ಕೇಳ್ತಾನೆ, "ಊರೊಳಗಾ, ಉನ್ನತಿನಾ?" ತಮಿಳಿನ 'ಚೇರಿ' ಮತ್ತು ನಮ್ಮ 'ಕೇರಿ' ಅಕ್ಕತಂಗಿ ಪದಗಳು, ಎರಡರಲ್ಲೂ ಮೂಲತಃ ಕೆಟ್ಟದ್ದೇನಿಲ್ಲ. ಅಲ್ಲಿ ಚೇರಿಯನ್ನ ನಮ್ಮವರಿಗೇ ಮೀಸಲು ಮಾಡಿ ಕೆಡಿಸಿದರು. ಹರಿಜನ ಪದದ ಕಥೆಯೂ ಗೊತ್ತಲ್ಲ.

ಮೈಸೂರಿನ ಅಶೋಕಪುರಂ ನೋಡಿ. ಒಂದು ಕಾಲಕ್ಕೆ ಆದಿಕರ್ನಾಟಕಪುರ. ಈಗ ಅಶೋಕಪುರಂ ಅಂದ್ರೆ ದಲಿತರದ್ದು ಅಂತ ಮೈಸೂರಿಗೆಲ್ಲ ಗೊತ್ತು, ಹೆಸರು ಏನನ್ನೂ ಮುಚ್ಚಿಡಲಿಲ್ಲ. ಆದರೂ ಅಲ್ಲಿಯವರು ಎದೆ ಸೆಟೆಸಿ ಹೇಳ್ತಾರೆ. ಆ ಹೆಸರಿನ ಹಿಂದೆ ಓದಿದವರು, ಸಂಘಟನೆ ಕಟ್ಟಿದವರು, ಅಂಬೇಡ್ಕರ್ ಪಾರ್ಕು ಇದೆ. ಸುತ್ತೋಲೆಯಿಂದ ಅದು ಬರಲ್ಲ.

ಆದ್ದರಿಂದ ಮನವಿ ಬರೆಯೋ ಗೆಳೆಯರಿಗೆ ನನ್ನ ಸಲಹೆ: ಗ್ರಾಮಸಭೆ ಬೇಡ, ಅಲ್ಲಿ ಬಹುಮತ ಯಾರದ್ದು ಅಂತ ಗೊತ್ತು. ಕಾಲೋನಿಯವರೇ ಕೂತು, ಹೆಂಗಸರೂ ಕೂತು, ಹೆಸರು ಆರಿಸಲಿ. ಅದೇ ಮನವಿಯಲ್ಲಿ ಎರಡನೇ ಸಾಲಿಗೆ ಸ್ಮಶಾನದ ಜಾಗ, ಮೂರನೇ ಸಾಲಿಗೆ ಊರಲ್ಲಿರೋ ಸರ್ಕಾರಿ ಜಮೀನಿನ ಸರ್ವೆ ನಂಬರ್ ಬರೀರಿ. ಹೆಸರು ಬದಲಾಯಿಸೋಕೆ ಸರ್ಕಾರಕ್ಕೆ ಬೋರ್ಡಿನ ಪೇಂಟು ಸಾಕು. ಅದನ್ನ ಮೊದಲು ಕೊಟ್ಟು ಫೋಟೋ ತೆಗೆಸ್ಕೊಂಡು ಉಳಿದದ್ದು ಮರೀತಾರೆ. ಗುಮಾಸ್ತನಾಗಿ ಹೇಳ್ತಿದ್ದೀನಿ, ಒಂದೇ ಅರ್ಜಿಯಲ್ಲಿ ಮೂರೂ ಇದ್ರೆ ಫೈಲ್ ಮುಗೀತು ಅಂತ ಷರಾ ಬರೆಯೋದು ಕಷ್ಟ.

ಈ ವಾರ ನಿಮ್ಮ ಮನೆಯ ಇ-ಸ್ವತ್ತು ಫಾರಂ 9 ತೆಗೆದು ನೋಡಿ. ನಿಮ್ಮ ಕೇರಿಗೆ ಅದರಲ್ಲಿ ಏನಂತ ಬರೆದಿದ್ದಾರೆ, ನೀವು ಏನಂತ ಕರೆಯೋಕೆ ಇಷ್ಟಪಡ್ತೀರಿ, ಸ್ಮಶಾನಕ್ಕೆ ಸರ್ವೆ ನಂಬರ್ ಇದೆಯಾ ಇಲ್ವಾ, ಮೂರನ್ನೂ ಕಾಮೆಂಟಲ್ಲಿ ಬರೀರಿ. ತಾಲ್ಲೂಕುವಾರು ಪಟ್ಟಿ ನಾನು ಟೈಪ್ ಮಾಡ್ತೀನಿ.