ಸಕ್ಕರೆ ಇಳಿದಾಗ ಮಂಗಳೂರು ದೂರ, ಬೆಲ್ಲದ ಡಬ್ಬಿ ಹತ್ತಿರ

ಕಾಸರಗೋಡು, ಮಂಜೇಶ್ವರ ಕಡೆಯ ಯಾವ ಮನೆಗೆ ಹೋದರೂ ಈಗ ಕ್ಷೇಮಸಮಾಚಾರದ ಜೊತೆಗೇ ಬರುವ ಪ್ರಶ್ನೆ, 'ಶುಗರ್ ಎಷ್ಟುಂಟು?' ಇನ್ನೂರೈವತ್ತು ಎಂದರೆ ಮನೆಮಂದಿಯ ಮುಖ ಬಾಡುತ್ತದೆ. ನೂರರ ಒಳಗೆ ಎಂದರೆ 'ಭಾರೀ ಒಳ್ಳೆದಾಯ್ತು' ಎಂಬ ಸಮಾಧಾನ. ಅರುವತ್ತು ಎಂದರೂ ಅದೇ ಸಮಾಧಾನ! ತಪ್ಪುವುದು ಇಲ್ಲಿಯೇ. ಸಕ್ಕರೆ ಏರಿದರೆ ಕಣ್ಣು, ಕಿಡ್ನಿ, ಕಾಲು ಹಾಳಾಗಲು ಸಾಮಾನ್ಯವಾಗಿ ವರ್ಷಗಳು ಬೇಕು. ಇಳಿದರೆ ಮನುಷ್ಯ ಪ್ರಜ್ಞೆ ತಪ್ಪಲು ಕೆಲವೇ ನಿಮಿಷ ಸಾಕಾಗಬಹುದು. ಆದರೂ ಏರಿದ್ದರ ಬಗ್ಗೆ ಇರುವ ಹೆದರಿಕೆಯ ಕಾಲುಭಾಗವೂ ಇಳಿದದ್ದರ ಬಗ್ಗೆ ಇಲ್ಲ.

ಇದು ಯಾರೋ ನಾಲ್ಕು ಮಂದಿಯ ಸಮಸ್ಯೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಕೇರಳದಲ್ಲಿ ವಯಸ್ಕರ ಪೈಕಿ ಶೇ. 25.5 ಮಂದಿಗೆ ಈ ಕಾಯಿಲೆ ಇದೆ. ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಮನೆಗೊಂದು ಮಾತ್ರೆಯ ಡಬ್ಬಿ ಇದೆ ಎಂದರೆ ಅತಿಶಯೋಕ್ತಿಯಾಗದು.

ಎಪ್ಪತ್ತರ ಗೆರೆ

ರಕ್ತದಲ್ಲಿ ಸಕ್ಕರೆಯ ಅಂಶ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು 'ಲೋ ಶುಗರ್'. 54ಕ್ಕಿಂತ ಕೆಳಗೆ ಹೋದರೆ ಅಪಾಯ. ಮಿದುಳಿಗೆ ಬೇಕಾದ ಮುಖ್ಯ ಆಹಾರವೇ ಗ್ಲೂಕೋಸ್. ಅದು ಸಾಲದೆ ಬಂದಾಗ ಮೊದಲು ದೇಹ ಗಂಟೆ ಬಾರಿಸುತ್ತದೆ. ಕೈ ನಡುಗುತ್ತದೆ, ಮೈ ತಣ್ಣಗೆ ಬೆವರುತ್ತದೆ, ಎದೆ ಡವಡವ ಎನ್ನುತ್ತದೆ, ತಡೆಯಲಾರದ ಹಸಿವಾಗುತ್ತದೆ, ತುಟಿ ಜುಮುಗುಟ್ಟುತ್ತದೆ. ಆಗಲೇ ಕೇಳಿಸಿಕೊಳ್ಳದಿದ್ದರೆ ಮಿದುಳೇ ತಪ್ಪಲು ಶುರು. ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದ ಸಿಟ್ಟು ಬರುತ್ತದೆ, ಎಲ್ಲಿದ್ದೇನೆಂದು ತಿಳಿಯುವುದಿಲ್ಲ. ಕೊನೆಗೆ ಅಪಸ್ಮಾರದಂತೆ ಸೆಳೆತ, ಪ್ರಜ್ಞಾಹೀನತೆ.

ಈ ಲಕ್ಷಣಗಳಿಗೆ ಊರಲ್ಲಿ ಬೇರೆ ಬೇರೆ ಹೆಸರುಗಳುಂಟು. 'ಅಜ್ಜನಿಗೆ ಈಗೀಗ ಸಿಟ್ಟು ಜಾಸ್ತಿ', 'ಪ್ರಾಯ ಆಯ್ತಲ್ಲ, ಅರುಳು ಮರುಳು', 'ಎಂತದೋ ಗಾಳಿ ಸೋಕಿದ ಹಾಗಿದೆ'. ಬಸ್‌ಸ್ಟ್ಯಾಂಡಿನಲ್ಲಿ ತೂರಾಡಿ ಕುಳಿತವನನ್ನು ಕಂಡರಂತೂ 'ಕುಡಿದಿದ್ದಾನೆ ಮಾರಾಯ' ಎಂದು ಜನ ದೂರ ಸರಿಯುತ್ತಾರೆ. ಸಕ್ಕರೆ ಕಾಯಿಲೆಯವರು ಏಕಾಏಕಿ ವಿಚಿತ್ರವಾಗಿ ವರ್ತಿಸಿದರೆ ಮೊದಲು ಅನುಮಾನಿಸಬೇಕಾದದ್ದು ಲೋ ಶುಗರನ್ನು, ಆಮೇಲೆ ಉಳಿದದ್ದನ್ನು.

ರಾತ್ರಿಯ ಲೋ ಶುಗರ್ ಇನ್ನೂ ಕಳ್ಳ. ಬೆಳಗ್ಗೆ ಎದ್ದಾಗ ತಲೆನೋವು, ಬೆವರಿನಿಂದ ಒದ್ದೆಯಾದ ಹಾಸಿಗೆ, ಕೆಟ್ಟ ಕನಸು, ಎದ್ದರೂ ಹೋಗದ ಆಯಾಸ, ಇವು ಅದರ ಗುರುತಾಗಿರಬಹುದು. ಬಹಳ ವರ್ಷಗಳಿಂದ ಕಾಯಿಲೆ ಇರುವವರಿಗೆ, ಪದೇ ಪದೇ ಸಕ್ಕರೆ ಇಳಿದವರಿಗೆ ಮುನ್ಸೂಚನೆಯೇ ಸಿಗದೆ ಹೋಗುವುದುಂಟು. ಬಿ.ಪಿ., ಹೃದಯದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ನಡುಕ, ಎದೆಬಡಿತವನ್ನು ಮುಚ್ಚಿಡುತ್ತವೆ. ಅಂಥವರಲ್ಲಿ ಬೆವರೊಂದೇ ಉಳಿಯುವ ಸುಳಿವು.

ಎರಡು ಊರಿನ ಮದ್ದು, ಒಂದೇ ಹೊಟ್ಟೆ

ಎಲ್ಲ ಮಾತ್ರೆಗಳೂ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಇದು ಅಪರೂಪ. ಎಚ್ಚರ ಬೇಕಾದದ್ದು ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂತಹ ಮಾತ್ರೆ ನುಂಗುವವರಿಗೆ. ಈ ಮಾತ್ರೆಗಳು ಊಟ ಮಾಡಿದರೂ ಮಾಡದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಮಾತ್ರೆ ಹೊಟ್ಟೆಗೆ ಹೋಗಿ ಅನ್ನ ಹೋಗದಿದ್ದರೆ ಸಕ್ಕರೆ ಇಳಿಯದೆ ಇನ್ನೇನು?

ಗಡಿಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿನ ಎಷ್ಟೋ ಮನೆಗಳ ಹಿರಿಯರಿಗೆ ಇಬ್ಬರು ಡಾಕ್ಟರರು. ತಿಂಗಳ ಮಾತ್ರೆ ಊರಿನ ಸರಕಾರಿ ಆರೋಗ್ಯ ಕೇಂದ್ರದ್ದು. ಸ್ವಲ್ಪ ಹೆಚ್ಚು ಕಡಿಮೆ ಎನಿಸಿದಾಗ ಓಟ ಮಂಗಳೂರಿಗೆ. ಅಲ್ಲಿನ ಚೀಟಿ ಬೇರೆ, ಇಲ್ಲಿನ ಪುಸ್ತಕ ಬೇರೆ. ಅಲ್ಲಿನವರಿಗೆ ಇಲ್ಲಿ ಏನು ಕೊಟ್ಟಿದ್ದಾರೆಂದು ಗೊತ್ತಿಲ್ಲ, ಇಲ್ಲಿ ಕೇಳಿದರೆ 'ಮಂಗಳೂರಿನಲ್ಲಿ ಬರೆದು ಕೊಟ್ಟಿದ್ದಾರೆ' ಎಂದು ಹೇಳಲು ಹಿರಿಯರಿಗೆ ಸಂಕೋಚ. ಕಂಪೆನಿಯ ಹೆಸರು ಬೇರೆ, ಮಾತ್ರೆಯ ಬಣ್ಣ ಬೇರೆ, ಒಳಗಿನ ಮದ್ದು ಮಾತ್ರ ಅದೇ ಗ್ಲಿಮೆಪಿರೈಡ್! ಎರಡನ್ನೂ ನಿಷ್ಠೆಯಿಂದ ನುಂಗಿದರೆ ಎರಡು ಪಟ್ಟು ಆಯಿತಲ್ಲ? ಡಾಕ್ಟರರ ಮಾತು ಮೀರದ ರೋಗಿಯೇ ಇಲ್ಲಿ ಹೆಚ್ಚು ಅಪಾಯಕ್ಕೆ ಸಿಕ್ಕಿಬೀಳುತ್ತಾನೆ.

ಇನ್ಸುಲಿನ್‌ನಲ್ಲೂ ಇದೇ ಎಡವಟ್ಟು. ಸೀಸೆಯ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್‌ನದ್ದೂ ಬರುತ್ತದೆ, 100 ಯೂನಿಟ್‌ನದ್ದೂ ಬರುತ್ತದೆ. ಸಿರಿಂಜ್ ಕೂಡ ಎರಡು ಬಗೆ: ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಸೀಸೆ ಒಂದು ಅಂಗಡಿಯದ್ದು, ಸಿರಿಂಜ್ ಇನ್ನೊಂದು ಅಂಗಡಿಯದ್ದು ಎಂದಾದಾಗ ತಾಳೆ ತಪ್ಪಬಹುದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಗೆರೆ ಹತ್ತು ಎಂದು ತೋರಿಸಿದರೂ ಒಳಗೆ ಹೋಗುವುದು ಇಪ್ಪತ್ತೈದು ಯೂನಿಟ್.

ಇದರ ಮೇಲೆ ಪ್ರಾಯ. ಕಿಡ್ನಿ ಬಚ್ಚಿದರೆ ಮದ್ದು ದೇಹದಿಂದ ಬೇಗ ಹೊರಹೋಗುವುದಿಲ್ಲ. ಹತ್ತು ವರ್ಷದ ಹಿಂದೆ ಸರಿಯಾಗಿದ್ದ ಪ್ರಮಾಣ ಇಂದು ಹೆಚ್ಚಾಗಿರಬಹುದು. ಆದ್ದರಿಂದಲೇ ದುರ್ಬಲರಾದ ಹಿರಿಯರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಇಳಿಸಲು ಹೋಗಬಾರದು ಎಂಬುದು ವೈದ್ಯಶಾಸ್ತ್ರದ ಇಂದಿನ ನಿಲುವು. ಎಂಬತ್ತು ದಾಟಿದ ಅಜ್ಜಿಗೆ ನಲುವತ್ತರ ಮಗನ ಲೆಕ್ಕ ಹಾಕಬಾರದು.

ಒಪ್ಪೊತ್ತು, ಜಂಬರ, ತೋಟದ ಕೆಲಸ

ಊರಿನ ದಿನಚರಿಯಲ್ಲೂ ಲೋ ಶುಗರಿಗೆ ಜಾಗವಿದೆ. ಏಕಾದಶಿ, ಷಷ್ಠಿ, ಶನಿವಾರದ ಒಪ್ಪೊತ್ತು, ರಂಜಾನಿನ ಉಪವಾಸ. ದೇವರ ಕೆಲಸ ತಪ್ಪಿಸಬೇಕೆಂದಲ್ಲ. ಆದರೆ ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಎಷ್ಟು, ಯಾವಾಗ ಎಂದು ಮೊದಲೇ ಡಾಕ್ಟರರಲ್ಲಿ ಕೇಳಿರಬೇಕು. ನಡುವೆ ಸಕ್ಕರೆ ಎಪ್ಪತ್ತಕ್ಕಿಂತ ಇಳಿದರೆ ಉಪವಾಸ ಅಲ್ಲಿಗೇ ಬಿಡಬೇಕು. ಯಾವ ದೇವರೂ ಇದಕ್ಕೆ ಮುನಿಯಲಾರ.

ಮದುವೆ, ಬ್ರಹ್ಮಕಲಶ, ತಿಥಿಯ ಊಟ ಎಲೆಗೆ ಬರುವಾಗ ಒಂದೂವರೆ ಗಂಟೆ. ಬೆಳಗ್ಗೆ ಏಳಕ್ಕೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದು ಬಂದ ಹಿರಿಯರು 'ಮೊದಲ ಪಂಕ್ತಿಯಲ್ಲಿ ಕೂತರೆ ಜನ ಎಂತ ಹೇಳ್ತಾರೆ' ಎಂದು ಮೂರನೇ ಪಂಕ್ತಿಗೆ ಕಾಯುತ್ತಾರೆ. ಜಂಬರ ಮಾಡುವ ಮನೆಯವರೇ 'ಶುಗರ್ ಇದ್ದವರು ಮೊದಲು ಕೂತುಕೊಳ್ಳಿ' ಎಂದು ಕರೆದರೆ ಏನು ಕಳೆದುಹೋಗುತ್ತದೆ? ಅಡಿಕೆ ಕೊಯ್ಲಿನ ದಿನ ಮಾಮೂಲಿಗಿಂತ ಹೆಚ್ಚು ದುಡಿದಾಗಲೂ ಸಕ್ಕರೆ ಇಳಿಯುತ್ತದೆ, ಎಷ್ಟೋ ಸಲ ಅಂದು ರಾತ್ರಿ. ಖಾಲಿ ಹೊಟ್ಟೆಗೆ ಶರಾಬು ಬಿದ್ದರೆ ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ಬಿಟ್ಟುಕೊಡಲಾರದು. ಆಗ ಲೋ ಶುಗರೂ ಅಮಲೂ ಒಂದೇ ತರ ಕಾಣುವುದರಿಂದ ಅಪಾಯ ದುಪ್ಪಟ್ಟು.

ಹದಿನೈದರ ಮದ್ದು

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕ ಸರಕಾರ ತಲಪಾಡಿಯೂ ಸೇರಿದಂತೆ ಗಡಿ ರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದವರು ಪಟ್ಟ ಪಾಡನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಆದರೆ ಲೋ ಶುಗರಿಗೆ ರಸ್ತೆ ತೆರೆದಿದ್ದರೂ ಮಂಗಳೂರು ದೂರವೇ. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ಹೋಗುವಷ್ಟು ಹೊತ್ತು ಮಿದುಳು ಕಾಯದು. ಇದರ ಮೊದಲ ಚಿಕಿತ್ಸೆ ಅಡಿಗೆಮನೆಯಲ್ಲೇ ಇದೆ.

ಎಚ್ಚರವಿದ್ದು ನುಂಗಲು ಆಗುವವರಿಗೆ ತಕ್ಷಣ 15 ಗ್ರಾಂ ಸಕ್ಕರೆ ಕೊಡಬೇಕು. ಅಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿ ಈ ನೆಲದ್ದೇ ಅಲ್ಲವೇ? ನೆಲ್ಲಿಕಾಯಿ ಗಾತ್ರದ ಬೆಲ್ಲ ಪುಡಿಮಾಡಿ ನೀರಿಗೆ ಹಾಕಿ ಕೊಟ್ಟರೂ ಆದೀತು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಪ್ಪತ್ತು ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಸರಿಯಾದ ಮೇಲೆ ಗಂಜಿಯೋ ಚಪಾತಿಯೋ ಹೊಟ್ಟೆಗೆ ಹೋಗಬೇಕು. ಪರೀಕ್ಷಿಸುವ ಯಂತ್ರ ಕೈಗೆ ಸಿಗದಿದ್ದರೆ ಅದನ್ನು ಹುಡುಕುತ್ತಾ ಕೂರದೆ ಮೊದಲು ಸಕ್ಕರೆ ಕೊಡಬೇಕು. ಒಂದು ಲೋಟ ಸಿಹಿನೀರಿನಿಂದ ಆಗುವ ನಷ್ಟ ಸಣ್ಣದು, ಕೊಡದಿದ್ದರೆ ಆಗುವುದು ದೊಡ್ಡದು.

ಚಾಕಲೇಟು, ಐಸ್‌ಕ್ರೀಂ ಬೇಡ. ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಬೊಂಡದ ನೀರಿನಲ್ಲಿ ಸಕ್ಕರೆ ಎಷ್ಟಿದೆ ಎಂಬುದು ಕಾಯಿಯಿಂದ ಕಾಯಿಗೆ ಬೇರೆ, ಅದನ್ನೇ ನಂಬಬಾರದು. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಾದಾ ಸಕ್ಕರೆ, ಬೆಲ್ಲ ಬೇಗ ಹಿಡಿಯುವುದಿಲ್ಲ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ನೀರನ್ನೂ ಸಹ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು, ಹತ್ತಿರದ ಆಸ್ಪತ್ರೆಗೆ ಮುಟ್ಟಿಸಬೇಕು. ಮೇಲೆ ಹೇಳಿದ ಮಾತ್ರೆಗಳಿಂದ ಸಕ್ಕರೆ ಇಳಿದಿದ್ದರೆ, ಒಮ್ಮೆ ಏರಿದ್ದು ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು. 'ಈಗ ಹುಷಾರಾಯ್ತಲ್ಲ, ಮನೆಗೆ ಹೋಗುವ' ಎಂಬ ಅವಸರ ಬೇಡ.

ಕನ್ನಡದಲ್ಲಿ ಒಂದು ಚೀಟಿ

ಇಷ್ಟು ತಿಳಿಸಲು ದೊಡ್ಡ ಖರ್ಚೇನೂ ಬೇಡ. ಒಂದು ಹಾಳೆ ಸಾಕು. ಆದರೆ ಆ ಹಾಳೆ ಯಾವ ಭಾಷೆಯಲ್ಲಿರಬೇಕು? 'ಇಲ್ಲಿನವರಿಗೆಲ್ಲ ಮಲಯಾಳ ಬರುತ್ತದಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಪೇಟೆಯಲ್ಲಿ ವ್ಯಾಪಾರ ಮಾಡುವಷ್ಟು ಬರುತ್ತದೆ, ನಿಜ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಎಪ್ಪತ್ತರ ಅಜ್ಜಿ ಮಾತ್ರೆಯ ಕವರಿನ ಮೇಲೆ ಮಲಯಾಳದಲ್ಲಿ ಬರೆದ 'ಊಟಕ್ಕೆ ಮೊದಲು' ಎಂಬುದನ್ನು ಓದಬಲ್ಲಳೇ? ಆರೋಗ್ಯ ಕೇಂದ್ರದ ಸಿಬ್ಬಂದಿ ಎಷ್ಟೋ ಕಡೆ ತಾಳ್ಮೆಯಿಂದ ತುಳುವಿನಲ್ಲೋ ಕನ್ನಡದಲ್ಲೋ ಬಾಯಲ್ಲಿ ಹೇಳಿ ಕಳಿಸುತ್ತಾರೆ, ಅದನ್ನು ಮರೆಯಬಾರದು. ಆದರೆ ಅವರಿಗೆ ವರ್ಗವಾದರೆ ಆ ಮಾತೂ ಅವರೊಂದಿಗೇ ಹೋಗುತ್ತದೆ. ಬರೆದದ್ದಾದರೆ ಗೋಡೆಯ ಮೇಲೆ ಉಳಿಯುತ್ತದೆ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅರ್ಜಿಗೆ ಕನ್ನಡ ಸಲ್ಲುವುದಾದರೆ ಪ್ರಾಣ ಉಳಿಸುವ ಸೂಚನೆಗೆ ಸಲ್ಲಬಾರದೇಕೆ? ಪಂಚಾಯತು ಸದಸ್ಯರು, ಕನ್ನಡ ಸಂಘಟನೆಗಳು ಇದನ್ನು ಪಟ್ಟು ಹಿಡಿದು ಕೇಳಬೇಕು. ಇನ್ಸುಲಿನ್ ಮತ್ತು ಸಕ್ಕರೆ ಇಳಿಸುವ ಮಾತ್ರೆ ಕೊಡುವಾಗಲೆಲ್ಲ ಕನ್ನಡದ ಒಂದು ಚೀಟಿ ಜೊತೆಗಿರಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯರು 'ಶುಗರ್ ಏರಿದೆಯಾ' ಎನ್ನುವ ಹಾಗೆಯೇ 'ಇಳಿದಿತ್ತಾ' ಎಂದೂ ಕೇಳಲಿ.

ಸರಕಾರ ಮಾಡುವ ತನಕ ಮನೆಯವರು ಕಾಯಬೇಕಾಗಿಲ್ಲ. ಮಲಯಾಳ, ಇಂಗ್ಲಿಷ್ ಎರಡನ್ನೂ ಓದುವ ಮಕ್ಕಳು ಈಗ ಮನೆಮನೆಯಲ್ಲಿದ್ದಾರೆ. ಅಜ್ಜ ಅಜ್ಜಿಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕಂಪೆನಿಯ ಹೆಸರಲ್ಲ, ಒಳಗಿನ ಮದ್ದಿನ ಹೆಸರು ನೋಡಿ ಒಂದೇ ಪಟ್ಟಿ ಬರೆಯಲಿ. ಒಂದೇ ಹೆಸರು ಎರಡು ಸಲ ಬಂದರೆ ತಾವೇ ನಿಲ್ಲಿಸದೆ ಅಂದೇ ಡಾಕ್ಟರರಿಗೆ ತೋರಿಸಲಿ. ಆ ಪಟ್ಟಿ ಊರಿನ ಆರೋಗ್ಯ ಕೇಂದ್ರಕ್ಕೂ ಹೋಗಲಿ, ಮಂಗಳೂರಿಗೂ ಹೋಗಲಿ. ಅಜ್ಜನ ಅಂಗಿಯ ಕಿಸೆಯಲ್ಲಿ, ಅಜ್ಜಿಯ ಚೀಲದಲ್ಲಿ ಗ್ಲೂಕೋಸಿನ ಒಂದು ಪೊಟ್ಟಣವಿರಲಿ. ಮಾತ್ರೆ ನುಂಗಿಸುವುದನ್ನು ಕಲಿತ ಮನೆ, ಅದು ಹೆಚ್ಚಾದಾಗ ಏನು ಮಾಡಬೇಕೆಂಬುದನ್ನೂ ಕಲಿತಿರಬೇಕು.