ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಒಂದು ಮಾನಕ ಮತ್ತು ಒಂದು ಲೆಕ್ಕ ಶೀರ್ಷಿಕೆ ಕೋರಿ ಮನವಿ

ಇವರಿಗೆ,
ಸರ್ಕಾರದ ಕಾರ್ಯದರ್ಶಿಗಳು,
ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಇ-ಆಡಳಿತ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಬೋಧಕರು ಹಾಗೂ ಕನ್ನಡ ಮುಕ್ತ ತಂತ್ರಾಂಶದ ಸ್ವಯಂಸೇವಕರು.

ವಿಷಯ: ರಾಜ್ಯದ ಶಾಲೆ, ಕಚೇರಿಗಳ ಕಂಪ್ಯೂಟರುಗಳಲ್ಲಿ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಏಕರೂಪದ ಮಾನಕ ಗೊತ್ತುಪಡಿಸುವ ಮತ್ತು ಅದರ ನಿರ್ವಹಣೆಗೆ ಖಾಯಂ ಅನುದಾನ ಒದಗಿಸುವ ಬಗ್ಗೆ.

ಮಾನ್ಯರೇ,

ಸರ್ಕಾರಿ ಕಂಪ್ಯೂಟರುಗಳಲ್ಲಿ ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆ ಇರಬೇಕೇ ಬೇಡವೇ ಎಂಬ ಚರ್ಚೆ ಹಳೆಯದು. ಭಾರತ ಸರ್ಕಾರ 2015ರಲ್ಲಿ ಹೊರಡಿಸಿದ ನೀತಿಯೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಟ್ಟಿದೆ; ಅದನ್ನು ಕೈಬಿಡುವವರು ಕಾರಣ ಕೊಡಬೇಕು ಎಂದೂ ಹೇಳಿದೆ. ನಮ್ಮ ಅಳಲು ಅದರ ಮುಂದಿನದು. ಮುಕ್ತ ವ್ಯವಸ್ಥೆ ಶಾಲೆಗೆ ಬರುತ್ತದೆ, ಕಚೇರಿಗೆ ಬರುತ್ತದೆ, ಕೆಲವೇ ವರ್ಷಗಳಲ್ಲಿ ಹೇಳಹೆಸರಿಲ್ಲದೆ ಹೋಗುತ್ತದೆ. ಬಂದದ್ದನ್ನು ಸಾಕಲು ಯಾರ ಬಳಿಯೂ ಹಣವಿರುವುದಿಲ್ಲ.

ನಮ್ಮಲ್ಲೊಬ್ಬರು ಪಾಠ ಮಾಡುವ ಪ್ರೌಢಶಾಲೆಯ ಲ್ಯಾಬಿನಲ್ಲಿ ನಡೆದದ್ದನ್ನು ತಮ್ಮ ಗಮನಕ್ಕೆ ತರಬೇಕು. ಅಲ್ಲಿಗೆ ಕಂಪ್ಯೂಟರುಗಳು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಹಾಕಿಸಿಕೊಂಡೇ ಬಂದಿದ್ದವು. ತರಬೇತಿ ಪಡೆದಿದ್ದ ಗಣಿತ ಶಿಕ್ಷಕಿ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆದು ತೋರಿಸುತ್ತಿದ್ದರು. ಮಕ್ಕಳು ಬಿಂದುವನ್ನು ಮೌಸ್‌ನಿಂದ ಎಳೆದಾಡಿ, ತ್ರಿಜ್ಯದ ಜೊತೆಗಿನ ಕೋನ ಬದಲಾಗದೆ ಲಂಬವಾಗಿಯೇ ಇರುವುದನ್ನು ಕಂಡು ಬೆರಗಾಗುತ್ತಿದ್ದರು. ಒಂದು ದಿನ ಪೆನ್ ಡ್ರೈವ್‌ನಲ್ಲಿ ಸುತ್ತೋಲೆ ಬಂತು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು. ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡಿದ್ದವು. ಆಮೇಲೆ ಹೊಸ ಪ್ರಿಂಟರ್ ಬಂತು, ಅದಕ್ಕೆ ಲಿನಕ್ಸ್ ಡ್ರೈವರ್ ಇರಲಿಲ್ಲ. ಶಿಕ್ಷಕಿಗೆ ವರ್ಗವಾಯಿತು. ಕೊನೆಗೆ ಮುಖ್ಯೋಪಾಧ್ಯಾಯರು ಪೇಟೆಯ ಅಂಗಡಿಯ ಹುಡುಗನನ್ನು ಕರೆಸಿ, ಲೈಸೆನ್ಸ್ ಇಲ್ಲದ ಬೇರೊಂದು ವ್ಯವಸ್ಥೆ ಹಾಕಿಸಿದರು. ಅವರನ್ನು ದೂರುವಂತಿಲ್ಲ, ಅಂದು ಸಂಜೆಯೊಳಗೆ ಅಂಕಪಟ್ಟಿ ಅಚ್ಚಾಗಬೇಕಿತ್ತು. ಇಲ್ಲಿ ಕೈಕೊಟ್ಟದ್ದು ಕಡತದ ನಮೂನೆ, ಖರೀದಿಯ ಷರತ್ತು ಮತ್ತು ನಿರ್ವಹಣೆಯ ಹಣ. ಮೂರನ್ನೂ ಸರಿಪಡಿಸುವ ಅಧಿಕಾರ ಸರ್ಕಾರಕ್ಕಿದೆ.

ಹಣದ ಮಾತನ್ನು ಮೊದಲು ಹೇಳುತ್ತೇವೆ. ಖರೀದಿಯ ದರಪಟ್ಟಿಯಲ್ಲಿ ತಂತ್ರಾಂಶಕ್ಕೆ ಇರುವ ಕಾಲಂ ಲೈಸೆನ್ಸ್ ದರದ್ದು. ಮುಕ್ತ ವ್ಯವಸ್ಥೆಗೆ ಅಲ್ಲಿ ಸೊನ್ನೆ ಬರೆಯುತ್ತಾರೆ. ಸೊನ್ನೆ ಬರೆದ ಬಾಬಿಗೆ ಮರುವರ್ಷ ಅನುದಾನ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕೆರೆಯ ನೀರು ಪುಕ್ಕಟೆ ಎಂದು ಹೂಳೆತ್ತಲೂ ಹಣ ಇಡದಿದ್ದರೆ ಏನಾಗುತ್ತದೋ ಅದೇ ಇಲ್ಲಿ ಆಗುತ್ತಿದೆ.

ಈ ಕೊರತೆ ನಮ್ಮ ರಾಜ್ಯದ್ದಷ್ಟೇ ಅಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಅಂತರಜಾಲದ ಅರ್ಧಕ್ಕರ್ಧ ವ್ಯವಹಾರ ನಂಬಿಕೊಂಡಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದು ಹೊರಬಿತ್ತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣ ನಡೆಯಿತು. ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳ ಒಳಗಿದೆ. ಅದನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ದಣಿದು ನೋಡಿಕೊಳ್ಳುತ್ತಿದ್ದರು. ನೆರವಿಗೆ ಬಂದವರಂತೆ ಸೇರಿಕೊಂಡ ಅನಾಮಿಕರು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ, ಅದರೊಳಗೆ ಕಳ್ಳದಾರಿ ಕೊರೆದರು. ಲಾಗಿನ್‌ಗೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿ ನೋಡಿದ್ದರಿಂದ, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿಗೆ ತಲುಪುವ ಮೊದಲೇ ಅದು ಸಿಕ್ಕಿಬಿತ್ತು. ಕೋಟ್ಯಂತರ ಜನರ ಭದ್ರತೆ ಒಬ್ಬರ ಕುತೂಹಲದ ಮೇಲೆ ನಿಂತಿತ್ತು. ಜರ್ಮನಿಯ ಸರ್ಕಾರ 2022ರಲ್ಲಿ ಸಾವರಿನ್ ಟೆಕ್ ಫಂಡ್ ತೆರೆದು, ಇಂಥ ತಳಪಾಯದ ತಂತ್ರಾಂಶಗಳ ನಿರ್ವಹಣೆಗೆ ಸಾರ್ವಜನಿಕ ಹಣ ಕೊಡಲು ಮುಂದಾಯಿತು. ಕರ್ನಾಟಕಕ್ಕೂ ಅದು ಸಾಧ್ಯ ಎಂದು ನಾವು ನಂಬಿದ್ದೇವೆ.

ಆದ್ದರಿಂದ ಮುಕ್ತ ವ್ಯವಸ್ಥೆಯ ನಿರ್ವಹಣೆಗೆಂದೇ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯಬೇಕು. ಲೈಸೆನ್ಸ್‌ಗೆ ಖರ್ಚಾಗುತ್ತಿದ್ದ ಮೊತ್ತದ ಕನಿಷ್ಠ ಮೂರನೇ ಒಂದು ಭಾಗವನ್ನು 5 ವರ್ಷ ಅದಕ್ಕೆ ಮೀಸಲಿಡಬೇಕು. ಅದರಲ್ಲಿ ದೊಡ್ಡ ಪಾಲು ತಾಲ್ಲೂಕಿಗೊಬ್ಬ ತಂತ್ರಜ್ಞರ ಸಂಬಳಕ್ಕೆ ಹೋಗಲಿ. ಶಿಕ್ಷಕಿಗೆ ವರ್ಗವಾದರೂ ಲ್ಯಾಬಿನ ಬಾಗಿಲು ಮುಚ್ಚಬಾರದು. ಉಳಿದದ್ದು ನಾವು ಬಳಸುವ ತಂತ್ರಾಂಶವನ್ನು ಬರೆದು ತಿದ್ದುವವರ ಕೆಲಸಕ್ಕೆ ಸಲ್ಲಬೇಕು. ಡೆಬಿಯನ್‌ನ ದೀರ್ಘಾವಧಿ ಬೆಂಬಲದ ಕೆಲಸಕ್ಕೆ 2014ರಿಂದಲೂ ಸಂಸ್ಥೆಗಳು ಹಣ ಹಾಕುತ್ತವೆ, ಕೆಲಸ ಮಾಡಿದವರಿಗೆ ಗಂಟೆಯ ಲೆಕ್ಕದಲ್ಲಿ ಸಂದಾಯವಾಗುತ್ತದೆ. ಆ ಮಾದರಿಗೆ ಸರ್ಕಾರದ ಲೆಕ್ಕ ಪರಿಶೋಧನೆಯಲ್ಲಿ ತೊಡಕು ಬರಬೇಕಾಗಿಲ್ಲ. ಕನ್ನಡದ ಕೆಲಸ ಇನ್ನೂ ಬೇಕಾದಷ್ಟಿದೆ: ಹನ್‌ಸ್ಪೆಲ್‌ನ ಕಾಗುಣಿತ ಪರೀಕ್ಷೆ, ಟೆಸರಾಕ್ಟ್‌ನ ಅಕ್ಷರ ಗುರುತಿಸುವಿಕೆ, ಅಂಧ ವಿದ್ಯಾರ್ಥಿಗಳು ನೆಚ್ಚಿಕೊಂಡ, ಪರದೆಯನ್ನು ಓದಿ ಹೇಳುವ ಓರ್ಕಾ ಮತ್ತು ಈಸ್ಪೀಕ್. ಕನ್ನಡವನ್ನು ಕಿವಿಗೆ ಹಿತವಾಗಿ ಓದಿ ಹೇಳುವ ದನಿ ಸ್ವಯಂಸೇವಕರ ಭಾನುವಾರಗಳಲ್ಲಷ್ಟೇ ತಯಾರಾಗಲಿ ಎಂದು ಬಯಸುವುದು ನ್ಯಾಯವಲ್ಲ.

ಮಾನಕದ ವಿಷಯದಲ್ಲಿ ನಮ್ಮದು ಸ್ಪಷ್ಟ ಅಭಿಪ್ರಾಯ. ರಾಜ್ಯದ ಹೆಸರಿನಲ್ಲಿ ಇನ್ನೊಂದು ಹೊಸ ಕಾರ್ಯಾಚರಣಾ ವ್ಯವಸ್ಥೆ ಮಾಡಬೇಡಿ. ಮ್ಯೂನಿಕ್ ನಗರಾಡಳಿತ ಲಿಮಕ್ಸ್ ಎಂಬ ತನ್ನದೇ ವ್ಯವಸ್ಥೆ ಕಟ್ಟಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳಿಗೆ ಹಾಕಿತ್ತು. 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದಕ್ಕೆ ರಾಜಕೀಯ ಕಾರಣಗಳೂ ಇದ್ದವು, ನಿಜ. ಆದರೂ ಒಂದೇ ನಗರ ಒಂದು ವ್ಯವಸ್ಥೆಯನ್ನು ಒಂಟಿಯಾಗಿ ಹೊತ್ತು ನಡೆಯುವುದು ಕಷ್ಟ. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನೇ ಎಲ್ಲ ಇಲಾಖೆಗಳಿಗೂ ತಳಹದಿಯಾಗಿ ಗೊತ್ತುಪಡಿಸಿ. ಪ್ರತಿ ಆವೃತ್ತಿಗೂ ಸುಮಾರು 5 ವರ್ಷ ಭದ್ರತಾ ಬೆಂಬಲ ಸಿಗುತ್ತದೆ. ಸಿ-ಡ್ಯಾಕ್‌ನ ಬಾಸ್ ಕಾರ್ಯಾಚರಣಾ ವ್ಯವಸ್ಥೆ ಕೂಡ ಡೆಬಿಯನ್ ಮೇಲೆಯೇ ನಿಂತಿದೆ. ನಮ್ಮ ತಿದ್ದುಪಡಿಗಳು ಮೂಲಕ್ಕೇ ಸೇರಲಿ, ಸರ್ಕಾರಿ ಹಣದಲ್ಲಿ ಬರೆಸಿದ ಕೋಡ್ ಮುಕ್ತ ಲೈಸೆನ್ಸ್‌ನಲ್ಲಿ ಪ್ರಕಟವಾಗಲಿ.

ವ್ಯವಸ್ಥೆ ಬದಲಿಸುವ ಮೊದಲು ಕಡತಗಳು ಬದಲಾಗಬೇಕು. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ 2005ರಲ್ಲಿ ಓಪನ್‌ಆಫೀಸ್, ಮರುವರ್ಷ ಫೈರ್‌ಫಾಕ್ಸ್, 2008ರಿಂದ ಉಬುಂಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗಿ, ಈಗ ಸುಮಾರು 1 ಲಕ್ಷ ಕಂಪ್ಯೂಟರುಗಳನ್ನು ನಡೆಸುತ್ತಿದೆ. ನಮ್ಮಲ್ಲೂ ಯೂನಿಕೋಡ್ ಅಲ್ಲದ ಕನ್ನಡ ಕಡತವನ್ನು ಯಾವ ಕಚೇರಿಯೂ ಕಳುಹಿಸಬಾರದು, ಸ್ವೀಕರಿಸಬಾರದು ಎಂಬ ಆದೇಶ ಬೇಕು. ತಿದ್ದಬೇಕಾದ ಕಡತಗಳು 2006ರಿಂದ ಐಎಸ್ಒ ಮಾನಕವಾಗಿರುವ ಓಡಿಎಫ್‌ನಲ್ಲಿರಲಿ. ಕ.ಗ.ಪ. ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಈಗಾಗಲೇ ಇರುವುದರಿಂದ ನುಡಿ ತಂತ್ರಾಂಶಕ್ಕೆ ಕೈ ಪಳಗಿದ ಸಿಬ್ಬಂದಿ ಟೈಪಿಂಗ್ ಹೊಸದಾಗಿ ಕಲಿಯಬೇಕಾಗಿಲ್ಲ.

ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಯಾವುದನ್ನೇ ಕೊಂಡರೂ ಲಿನಕ್ಸ್ ಡ್ರೈವರ್ ಇರಬೇಕು ಎಂಬ ಷರತ್ತು ಟೆಂಡರಿನಲ್ಲಿ ಕಡ್ಡಾಯವಾಗಲಿ.

ನೆರೆಯ ಕೇರಳದಲ್ಲಿ ಈಗ ಕೈಟ್ ಎಂಬ ಹೆಸರಿನಲ್ಲಿರುವ ಸರ್ಕಾರಿ ಸಂಸ್ಥೆ 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ವ್ಯವಸ್ಥೆ ಸಿದ್ಧಪಡಿಸಿ, ಸುಮಾರು 3,000 ಕೋಟಿ ರೂಪಾಯಿ ಉಳಿತಾಯವೆಂದು ಹೇಳಿತು. ಅಲ್ಲಿ ಅದು ಉಳಿದುಬಂದದ್ದು ಸಂಬಳದ ಸಿಬ್ಬಂದಿ, ಖಾಯಂ ತರಬೇತಿ ಇರುವುದರಿಂದ. ನಮ್ಮಲ್ಲೂ ಡಿ.ಎಸ್.ಇ.ಆರ್.ಟಿ.ಯ ವಿಷಯ ಶಿಕ್ಷಕರ ವೇದಿಕೆಯಲ್ಲಿ ಉಬುಂಟು ಕಲಿತ ಪ್ರೌಢಶಾಲಾ ಶಿಕ್ಷಕರಿದ್ದಾರೆ.

ಕಾಲಾವಕಾಶ ಕಡಿಮೆಯಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11ರ ಅರ್ಹತೆ ಇಲ್ಲ. ಅವು ಗುಜರಿ ಸೇರುವ ಮೊದಲು ಎರಡು ಜಿಲ್ಲೆಗಳಲ್ಲಿ ಈ ಕ್ರಮವನ್ನು ಪ್ರಾಯೋಗಿಕವಾಗಿ ಜಾರಿಗೆ ತರಬೇಕೆಂದು ಕೋರುತ್ತೇವೆ. ಶಿಕ್ಷಕರಿಗೆ ತರಬೇತಿ ಕೊಡಲು ನಾವು ಸಿದ್ಧರಿದ್ದೇವೆ. ಆರ್ಥಿಕ ಇಲಾಖೆ, ಶಿಕ್ಷಣ ಇಲಾಖೆ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಪ್ರತಿನಿಧಿಗಳನ್ನು ಸೇರಿಸಿ, ಮುಂದಿನ ಆಯವ್ಯಯದ ಪೂರ್ವಸಿದ್ಧತೆ ಮುಗಿಯುವುದರೊಳಗೆ ಸಭೆ ಕರೆದು ನಮ್ಮ ಅಹವಾಲು ಕೇಳಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಮನವಿದಾರರು