ವಿಹಾರ ನೌಕೆಗಳೂ ಹೊಗೆಯ ಲೆಕ್ಕವೂ

2024ರ ಜನವರಿ 8ರಂದು ನಮ್ಮ ಕಲ್ಕತ್ತೆಯ ಬಂದರಿನಲ್ಲಿ ‘ಗ್ಯಾಂಜಸ್ ಕ್ವೀನ್’ ಎಂಬ ವಿಹಾರ ನೌಕೆಯ ಮೇಲೆ ಒಳನಾಡು ಜಲಮಾರ್ಗ ಅಭಿವೃದ್ಧಿ ಮಂಡಳಿಯ ಮೊದಲ ಸಭೆ ನಡೆಯಿತು. 2047ರ ವೇಳೆಗೆ ವಿಹಾರ ನೌಕೆಗಳಿಗೆ 35,000 ಕೋಟಿ, ಅವುಗಳ ನಿಲ್ದಾಣಗಳಿಗೆ 10,000 ಕೋಟಿ ರೂಪಾಯಿಗಳ ಹೂಡಿಕೆಯನ್ನು ಅಲ್ಲಿ ಅಂದಾಜಿಸಲಾಯಿತು. ಒಳನಾಡಿನ ನೌಕೆಗಳು ಹಸಿರು ಇಂಧನಕ್ಕೆ ಹೊರಳಬೇಕೆನ್ನುವ ‘ಹರಿತ್ ನೌಕಾ’ ಮಾರ್ಗಸೂಚಿ ಬಿಡುಗಡೆಯಾದದ್ದೂ ಅಲ್ಲಿಯೇ. ಈ ಎರಡು ಕಾಗದಗಳ ನಡುವಣ ನಂಟನ್ನು ಕುರಿತು ಯೋಚಿಸುವುದು ಹೂಗ್ಲಿಯ ದಡದಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗರಾದ ನಮಗೆ ಅಪ್ರಸ್ತುತವಲ್ಲ.

ಜಗತ್ತಿನ ದೊಡ್ಡ ವಿಹಾರ ನೌಕಾ ಕಂಪನಿಗಳಾದ ಕಾರ್ನಿವಲ್, ರಾಯಲ್ ಕೆರಿಬಿಯನ್ ಮೊದಲಾದವು 2050ರ ಹೊತ್ತಿಗೆ ‘ನಿವ್ವಳ ಶೂನ್ಯ’ ತಲುಪುವೆವೆಂದು ಸಾರಿವೆ. ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆಯೂ 2023ರಲ್ಲಿ ಹೆಚ್ಚುಕಡಿಮೆ ಇದೇ ಅವಧಿಯನ್ನು ಹಾಕಿಕೊಂಡಿತು. 2030ರೊಳಗೆ ಇಂಗಾಲದ ‘ಸಾಂದ್ರತೆ’ಯನ್ನು 2008ರ ಮಟ್ಟಕ್ಕಿಂತ ಶೇಕಡಾ 40ರಷ್ಟು ತಗ್ಗಿಸಬೇಕೆಂದಿತು. ಈ ಸಾಂದ್ರತೆ ಎಂಬ ಪದದಲ್ಲಿಯೇ ಎಲ್ಲ ಗುಟ್ಟೂ ಇದೆ. ಅದು ಒಟ್ಟು ಹೊಗೆಯ ಅಳತೆಯಲ್ಲ. ಒಂದು ತಲೆಗೆ, ಒಂದು ಟನ್ನಿಗೆ, ಒಂದು ಮೈಲಿಗೆ ಬೀಳುವ ಪಾಲಿನ ಅಳತೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಕ್ರೂಸ್ ಭಾರತ್’ ಯೋಜನೆಯ ಗುರಿ 2029ರೊಳಗೆ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು. ತಲೆಯೊಂದರ ಹೊಗೆ ನೂರರಿಂದ ಅರವತ್ತಕ್ಕೆ ಇಳಿದು, ತಲೆಗಳು ಎರಡರಷ್ಟಾದರೆ ಒಟ್ಟು ನೂರಿಪ್ಪತ್ತು! ಗುರಿ ಸಾಧಿಸಿದ ಕೀರ್ತಿಯೂ ದೊರೆಯಿತು, ಹೊಗೆಯೂ ಹೆಚ್ಚಿತು. ಕಡತಗಳ ನಡುವೆ ಕೂದಲು ನರೆಸಿಕೊಂಡವರಿಗೆ ಶೇಕಡಾವಾರು ಗುರಿಗಳ ಈ ಸೌಕರ್ಯ ಹೊಸದಲ್ಲ. ನಮ್ಮ ಬಂದರುಗಳಿಗೆ 2023ರಲ್ಲಿ ವಿಧಿಸಿದ ‘ಹರಿತ್ ಸಾಗರ್’ ಗುರಿಯೂ ಸರಕಿನ ಟನ್ನಿಗೆ ಇಷ್ಟು ಎಂಬ ಲೆಕ್ಕದ್ದೇ.

ಕಡಲ ಹಡಗುಗಳಿಗೆ ಇನ್ನೊಂದು ಆಸರೆಯಿದೆ. 1997ರ ಕ್ಯೋಟೋ ಒಪ್ಪಂದವು ಅಂತಾರಾಷ್ಟ್ರೀಯ ಹಡಗುಗಳ ಇಂಧನದ ಹೊಣೆಯನ್ನು ದೇಶಗಳ ಗುರಿಗೆ ಸೇರಿಸದೆ ಕಡಲಯಾನ ಸಂಸ್ಥೆಗೆ ಒಪ್ಪಿಸಿತು. ಹೊಗೆಗೆ ದರ ಕಟ್ಟುವ ನಿಯಮದ ನಿರ್ಧಾರವನ್ನು ಆ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಮತ್ತೊಂದು ವರ್ಷ ಮುಂದೂಡಿತು. ಆದರೆ ಗಂಗೆಯ ನೌಕೆಗೆ ಈ ನೆಪವಿಲ್ಲ. ನಮ್ಮ ನೆಲದೊಳಗೆ ಅದು ಉರಿಸುವ ಡೀಸೆಲ್ಲು ನಮ್ಮದೇ ಲೆಕ್ಕ.

2023ರ ಜನವರಿ 13ರಂದು ಪ್ರಧಾನಿಯವರು ಚಾಲನೆ ನೀಡಿದ ‘ಗಂಗಾ ವಿಲಾಸ’ವನ್ನೇ ನೋಡಿ. ವಾರಾಣಸಿಯಿಂದ ಕಲ್ಕತ್ತೆ, ಬಾಂಗ್ಲಾದೇಶಗಳ ಮೂಲಕ ದಿಬ್ರುಗಢಕ್ಕೆ 51 ದಿನ, ಸುಮಾರು 3,200 ಕಿಲೋಮೀಟರ್. ಪ್ರಯಾಣಿಕರು ಹೆಚ್ಚೆಂದರೆ 36. ಕೊಳಚೆಯನ್ನು ಸಂಸ್ಕರಿಸುವ ಘಟಕ ಅದರಲ್ಲಿರುವುದು ಮೆಚ್ಚತಕ್ಕದ್ದೇ. ಆದರೆ ನೀರಿಗೆ ಕೊಳೆ ಬಿಡದಿರುವುದು ಬೇರೆ, ಗಾಳಿಗೆ ಇಂಗಾಲ ಬಿಡದಿರುವುದು ಬೇರೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ವಿಹಾರ ನೌಕೆಯೆಂದರೆ ತೇಲುವ ಹೋಟೆಲು. ಲಂಗರು ಹಾಕಿದ ಮೇಲೂ ಹವಾನಿಯಂತ್ರಣ, ಅಡುಗೆಮನೆ, ದೀಪಗಳಿಗಾಗಿ ಜನರೇಟರು ನಡೆಯುತ್ತಲೇ ಇರಬೇಕು. ದಡದಿಂದ ವಿದ್ಯುತ್ ಕೊಡದ ಹೊರತು ಅದು ನಿಲ್ಲುವುದಿಲ್ಲ. ಆ ಹತ್ತು ಸಾವಿರ ಕೋಟಿಯ ನಿಲ್ದಾಣಗಳಲ್ಲಿ ಈ ಏರ್ಪಾಡು ಕಡ್ಡಾಯವೇ ಎಂದು ಕೇಳುವ ಹಕ್ಕು ನಮಗಿದೆ.

ಏಕೆಂದರೆ ಇದರ ಬೆಲೆ ತೆರುವವರು ಹಡಗಿನಲ್ಲಿ ಕುಳಿತವರಲ್ಲ. ಸುಂದರಬನದ ಪ್ರವಾಸಕ್ಕೆ ನೌಕೆಗಳು ಇಳಿಯುವ ಈ ನದಿಯ ಮುಖದಲ್ಲಿಯೇ ಲೋಹಾಚರ ದ್ವೀಪ ಮುಳುಗಿತು, ಘೋಡಾಮಾರಾ ವರ್ಷವರ್ಷಕ್ಕೂ ಕರಗುತ್ತಿದೆ. ನದಿಯ ಕೊರೆತವೂ ಏರುವ ಕಡಲೂ ಅಲ್ಲಿ ಕೂಡಿ ಕೆಲಸ ಮಾಡುತ್ತಿವೆ. 2020ರ ಮೇ 20ರಂದು ಆಂಫಾನ್ ಚಂಡಮಾರುತ ಎರಗಿದಾಗ ಕಲ್ಕತ್ತೆಯವರಾದ ನಾವು ದಿನಗಟ್ಟಲೆ ಕತ್ತಲಲ್ಲಿದ್ದೆವು. ಸುಂದರಬನದವರ ಗದ್ದೆಗಳಿಗೆ ಉಪ್ಪುನೀರೇ ನುಗ್ಗಿತು.

ವಿಹಾರವೇ ಬೇಡವೆಂಬುದು ನಮ್ಮ ವಾದವಲ್ಲ. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿನ ಸೇತುವೆ 2025ರಲ್ಲಿ ತೆರೆಯುವವರೆಗೂ ಜನರನ್ನು ದಾಟಿಸಿದ್ದು ಲಾಂಚು. ಹೌರಾದಿಂದ ಕಛೇರಿಗೆ ಬರುವವರನ್ನು ಇಂದಿಗೂ ದಾಟಿಸುತ್ತಿರುವುದು ಲಾಂಚು. ಹೆಸರೂ ಒಂದೇ, ಅಗತ್ಯವೂ ಒಂದೇ. ಹಸಿರು ಇಂಧನದ ಹಣ ಮೊದಲು ಸಲ್ಲಬೇಕಾದದ್ದು ಇವಕ್ಕೆ. ಕೇರಳದ ವೈಕಂನಲ್ಲಿ 75 ಜನರ ‘ಆದಿತ್ಯ’ 2017ರಿಂದ ಸೂರ್ಯಶಕ್ತಿಯಿಂದ ಓಡುತ್ತಿದೆ. ನಮ್ಮ ಗಾರ್ಡನ್ ರೀಚ್ ಹಡಗುಕಟ್ಟೆಯೇ ರಾಜ್ಯ ಸರ್ಕಾರಕ್ಕಾಗಿ ‘ಢೇಉ’ ಎಂಬ ವಿದ್ಯುತ್ ಲಾಂಚನ್ನು ಕಟ್ಟಿದೆ. (ಬಂಗಾಳದ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನದೆಂಬುದು ಬೇರೆ ಮಾತು.)

ವಿಹಾರ ನೌಕೆಗೆ ಪರವಾನಗಿ ನವೀಕರಿಸುವ ಮುನ್ನ ಮೂರು ಅಂಕಿಗಳನ್ನು ಕೇಳಿ ಪ್ರಕಟಿಸಲಿ: ವರ್ಷದಲ್ಲಿ ಉರಿಸಿದ ಡೀಸೆಲ್ ಎಷ್ಟು, ಸಾಗಿಸಿದ ಪ್ರಯಾಣಿಕರೆಷ್ಟು, ಲಂಗರಿನಲ್ಲಿ ಜನರೇಟರು ನಡೆದ ತಾಸುಗಳೆಷ್ಟು. ಹಡಗಿನ ಎಂಜಿನ್ ದಾಖಲೆ ಪುಸ್ತಕವನ್ನು ತೆರೆದರೆ ಇದಕ್ಕೆ ಒಂದು ಮಧ್ಯಾಹ್ನ ಸಾಕು.